ಉಕ್ಕಿನ ಹೋರಿಯ ಎಡಗಿವಿ

ಯಲಹಂಕ ದಾಟಿ ಚಿಕ್ಕಜಾಲದ ಕಡೆ ಹೋದರೆ, ಗಾಜಿನ ಕಟ್ಟಡಗಳ ನಡುವಿನ ಚೌಕದಲ್ಲಿ ಮೂವತ್ತು ಅಡಿ ಎತ್ತರದ ಉಕ್ಕಿನ ಹೋರಿಯೊಂದು ಎದೆಯುಬ್ಬಿಸಿ ನಿಂತಿದೆ. ಅದನ್ನು ಮಾಡಿದವಳು ಶಾಂತಲಾ. ತೋರಿಸಲೆಂದು ರಾಜಾನುಕುಂಟೆಯಿಂದ ತಾತ ಚಿಕ್ಕಬೈರಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಳು.

ತಾತ ನಲವತ್ತು ವರ್ಷ ದನದ ವ್ಯಾಪಾರ ಮಾಡಿದವನು. ಕೊಳ್ಳಬೇಕೆಂದಿರುವ ಎತ್ತನ್ನು ಹಿಗ್ಗಾಮುಗ್ಗಾ ಬೈಯುವುದು ಅವನ ಪದ್ಧತಿ. ಕೊಕ್ಕೆಗಾಲು, ಮೊಂಡು ಬಾಲ, ಕಟ್ಟಿಕೊಂಡವರ ಮನೆ ಹಾಳು ಎಂದೆಲ್ಲ ಬೈಸಿಕೊಂಡ ಎತ್ತು ಸಂಜೆಗೆ ಅವನ ಕೊಟ್ಟಿಗೆಯಲ್ಲಿರುತ್ತಿತ್ತು. ಬೇಡವಾದದ್ದರ ಬೆನ್ನು ತಟ್ಟಿ, “ಚೆನ್ನಾಗೈತೆ” ಎಂದು ಮುಂದೆ ನಡೆಯುತ್ತಿದ್ದ. ಆ ಒಂದು ಮಾತು ಕೇಳಿದರೆ ಮಾರಲು ಬಂದವರ ಮುಖ ಬಾಡುತ್ತಿತ್ತು. ಶಾಂತಲಾ ಏಳು ವರ್ಷದವಳಿದ್ದಾಗ ಜೇಡಿಮಣ್ಣಿನಲ್ಲಿ ಮಾಡಿದ ಕರುವನ್ನು ತಾತ ಅರ್ಧ ಗಂಟೆ ಬೈದಿದ್ದ. ಅವಳು ಶಿಲ್ಪಿಯಾಗಿದ್ದು ಆ ಬೈಗುಳದಿಂದ. ಇವತ್ತೂ ಅವಳಿಗೆ ಬೇಕಾಗಿದ್ದದ್ದು ಅಂಥದ್ದೇ ಒಂದು.

ಚೌಕದ ತುಂಬ ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡ ಮಹಾಶಯರು. ಹೋರಿಯ ಕಾಲಸಂದಿಯಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಸಗಣಿ ಕಂಡರೆ ಮೂಗು ಮುಚ್ಚುವವರಿಗೆ ಸಗಣಿ ಹಾಕದ ಹೋರಿ ಸಿಕ್ಕಿತ್ತು, ಇನ್ನೇನು ಬೇಕು!

ಕಟ್ಟಡದ ಮ್ಯಾನೇಜರ್ ಗೋಕುಲ್ ಓಡಿಬಂದ. ಎಂಟು ತಿಂಗಳು ಶಾಂತಲಾಳ ಪ್ರಾಣ ತಿಂದವನು ಇವನೇ. ಅವಳು ಹಳ್ಳಿಕಾರ್ ತಳಿಯ ನೀಳ ಕೊಂಬು ಬರೆದುಕೊಟ್ಟರೆ, “ತುಂಬಾ ಲೋಕಲ್ ಆಯ್ತು ಮೇಡಂ, ಪವರ್ ಕಾಣ್ಬೇಕು” ಎಂದು ಕೊಂಬು ಮೊಟಕು ಮಾಡಿಸಿದ್ದ. ಎದೆ ಉಬ್ಬುವಂತೆ ಮಾಡಿಸಿದ್ದ. ಕೊರಳ ಕೆಳಗಿನ ಗಂಗೆದೊಗಲು ಜೋತಾಡುವುದು ಚೆನ್ನಾಗಿ ಕಾಣುವುದಿಲ್ಲವೆಂದು ಕತ್ತರಿಸಿ ತೆಗೆಸಿದ್ದ. ಹುಟ್ಟಿದಾರಭ್ಯ ಎತ್ತಿನ ಹಗ್ಗ ಹಿಡಿಯದವನ ಮಾತಿಗೆಲ್ಲ ಅವಳು ಹೂಂ ಎಂದಿದ್ದಳು. ಗೋಕುಲ್ ಮೇಲೆ ಅವಳಿಗೆ ತಾತ್ಸಾರ, ತನ್ನ ಮೇಲೆ ಅದಕ್ಕಿಂತ ಹೆಚ್ಚು.

ಹಲ್ಲೆಣಿಸಿ ದನದ ವಯಸ್ಸು ಹೇಳುವ ತಾತ ತಲೆಯೆತ್ತಿ ಹೋರಿಯನ್ನು ನೋಡಿದ. “ಇದಕ್ಕೆ ಎಷ್ಟಲ್ಲು?”

“ಬಾಯಿ ಮುಚ್ಚಿರೋ ಪೋಸ್ ಸರ್ ಇದು,” ಎಂದ ಗೋಕುಲ್.

“ಒಳ್ಳೇದಾಯ್ತು. ನಿಂಗೂ ಅದೇ ಒಪ್ತದೆ.”

ಶಾಂತಲಾಗೆ ಆಸೆ ಚಿಗುರಿತು. ತಾತ ಬಲಗಡೆಯಿಂದ ನಡೆದು, ಎದೆ ನೋಡಿ, ಕೊಂಬು ನೋಡಿ, ಗೊರಸನ್ನು ಎರಡು ಸಲ ತಟ್ಟಿದ.

“ಚೆನ್ನಾಗೈತೆ ಕಣ್ ಮಗಾ.”

ಗೋಕುಲ್ ಚಪ್ಪಾಳೆ ತಟ್ಟಿದ. ಶಾಂತಲಾ ತಾತನ ತೋಳು ಹಿಡಿದಳು.

“ತಾತಾ, ಬೈಯಿ.”

“ಯಾಕ್ ಬೈಲಿ? ಬಿಸಿಲು ಏರ್ತಾ ಐತೆ, ನಡಿ ಓಗಾನ.”

“ಒಂದೇ ಒಂದು ಮಾತು ಬೈಯಿ ತಾತಾ.”

ತಾತ ಕಾರಿನ ಕಡೆ ಹೊರಟ. ದಾರಿ ಹೋರಿಯ ಎಡಗಡೆಯಿಂದ ಇತ್ತು. ನಾಲ್ಕು ಹೆಜ್ಜೆ ಹೋದವನು ನಿಂತ. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ.

ಹೋರಿಯ ಎಡಗಿವಿ ಹಿಂದಕ್ಕೆ ತಿರುಗಿತ್ತು. ಹೋರಿಗೆ ಒಪ್ಪಿಗೆ ಕೊಡಬೇಕಾದ ಕಟ್ಟಡದ ಕಮಿಟಿಯವರು ಎದೆ, ಬಾಲ ನೋಡಿ ಸಹಿ ಹಾಕಿ ಹೋದ ಮೇಲೆ, ಯಾರನ್ನೂ ಕೇಳದೆ ಶಾಂತಲಾ ಮಾಡಿದ್ದು ಅದೊಂದನ್ನೇ. ಮನೆಯಲ್ಲಿದ್ದ ಕರಿಯ ಎಂಬ ಎತ್ತು ಹೀಗೇ ಕಿವಿ ತಿರುಗಿಸುತ್ತಿತ್ತು, ಬೆಳಗ್ಗೆ ತಾತನ ಕೆಮ್ಮು ಕೇಳಿದೊಡನೆ.

“ಥೂ!” ತಾತನ ದನಿಗೆ ಸೆಲ್ಫಿಯವರೆಲ್ಲ ತಿರುಗಿದರು. “ಯಾವ ಮುಠ್ಠಾಳ ಮಾಡಿದ್ದು ಈ ಕಿವೀನ? ಬಾಡಿದ ಮುತ್ತುಗದೆಲೆ ಇದ್ದಂಗೈತೆ! ಇಂಥ ದರಿದ್ರದ್ ಕಿವಿ ಕಟ್ಕಂಡ್ರೆ ಮನೆ ಉದ್ಧಾರ ಆಯ್ತದಾ? ಕಾಸಿಗ್ ಬರಾಕಿಲ್ಲ! ಇದ್ಯಾವ ಊರಿನ್ ಕಿವಿ...” ತಾತನ ಕಣ್ಣು ಮಾತ್ರ ಆ ಕಿವಿ ಬಿಟ್ಟು ಕದಲಲಿಲ್ಲ.

ಗೋಕುಲ್ ಗಾಬರಿಯಾಗಿ ಮೊಬೈಲ್ ತೆಗೆದ. “ಕಿವಿ ಚೇಂಜ್ ಅಂತ ನೋಟ್ ಮಾಡ್ಕೋತೀನಿ ಮೇಡಂ. ನಾಳೇನೇ ಕ್ರೇನ್ ತರಿಸಿ ತೆಗೆಸ್ಬಿಡೋಣ.”

ಶಾಂತಲಾ ಅವನ ಮೊಬೈಲಿನ ಮೇಲೆ ಕೈಯಿಟ್ಟಳು. ಕಣ್ಣಲ್ಲಿ ನೀರು ತುಂಬಿ ಗೋಕುಲ್‌ನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಅದೂ ಒಂದು ಪುಣ್ಯ.

“ಆ ಕಿವೀನ ಮುಟ್ ನೋಡಿ, ಆಮೇಲಿದೆ,” ಎಂದಳು.

ತಾತ ಇನ್ನೂ ಬೈಯುತ್ತಲೇ ಇದ್ದ.