ಇಪ್ಪತ್ತೇಳು ನಕ್ಷತ್ರದ ಕಪಿಲೆ ಪದ

ಅವಲಪಲ್ಲಿಯ ಚರಿತ್ರೆ ಬರೆಯುವವರು ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿಗೆ ಬಂದಾಗ, ಯುದ್ಧಕ್ಕಿಂತ ಮೊದಲು ದಾಖಲಿಸಬೇಕಾದ ಸಂಗತಿಯೊಂದಿದೆ: ಪಾಪಯ್ಯನ ಹೆಂಡತಿ ಪಾರ್ವತಮ್ಮ ಈರುಳ್ಳಿ ಮಡಿಗೆ ನೀರು ತಿರುಗಿಸುತ್ತ ಯಾರ ಪದ ಗುನುಗಿದಳು ಎಂಬುದು.

ಗುನುಗಿದ್ದು ಚಿನ್ನಪ್ಪನ ಪದ. ಚಿನ್ನಪ್ಪ ಪಾಪಯ್ಯನ ಚಿಕ್ಕಪ್ಪನ ಮಗ, ಮದುವೆಯಿಲ್ಲದವನು. ಇಬ್ಬರಿಗೂ ಬಾವಿ ಒಂದೇ, ಎತ್ತಿನ ಜೋಡಿ ಒಂದೇ. ಬೆಳಗಿನಿಂದ ಬಾವಿಯ ಕಲ್ಲುಕಂಬದ ನೆರಳು ನಡುಹಗಲಿನ ಗೂಟ ಮುಟ್ಟುವತನಕ ಚಿನ್ನಪ್ಪನ ಸರದಿ; ಅಲ್ಲಿಂದ ಹೊತ್ತು ಮುಳುಗುವತನಕ ಪಾಪಯ್ಯನದು. ಚಿನ್ನಪ್ಪ ಎತ್ತು ಹೂಡಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯುತ್ತ ಹಾಡುವನು:

ಮೂಡ್ಲ ಹೊತ್ತೇ, ಮೆಲ್ಲಕೆ ಬಾರೋ,
ನನ್ನೋಳ ನೆರಳು ಉದ್ದ ಇರಲಿ.

ಹಾಡು ಶುರುವಾದರೆ ಎತ್ತು ಇಳಿಜಾರಿನಲ್ಲಿ ಇಳಿಯುತ್ತಿದ್ದವು. ಮುಗಿಯುವಷ್ಟರಲ್ಲಿ ತೊಗಲಿನ ಬಾನಿ ಮೇಲೆ ಬಂದು ನೀರು ಸುರಿಯುತ್ತಿತ್ತು. ಎತ್ತು ತಾವಾಗಿ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದವು.

"ಯಾರ ನೆರಳ್ಲಾ ಅದು?" ಎಂದು ಪಾಪಯ್ಯ ಒಂದು ದಿನ ಕೇಳಿಯೇಬಿಟ್ಟ.

"ಪದದಾಗಿರೋಳ್ದು ಕಣಣ್ಣಯ್ಯ."

"ಪದದಾಗಿರೋಳು ನಮ್ಮ ಮಡಿ ತಾವ ಯಾಕ್ಲಾ ಬತ್ತಾಳೆ?"

ಚಿನ್ನಪ್ಪ ನಕ್ಕ. ಪಾಪಯ್ಯ ಮುಖ ತಿರುಗಿಸಿ ಎತ್ತಿನ ಕಡೆಗೆ ನಡೆದ. ತನ್ನ ಸರದಿಯಲ್ಲಿ ಅವನಿಗೆ ಬರುತ್ತಿದ್ದದ್ದು "ಹೈ, ಹೈ" ಎರಡೇ. ಅದನ್ನು ಯಾವ ಹೆಂಡತಿ ಗುನುಗಿಯಾಳು? ಪಾರ್ವತಮ್ಮನ ಬಾಯಲ್ಲಿ ತನ್ನ ಪದವೇ ಇರಬೇಕೆಂದು ಹಟ ಹಿಡಿದು, ಮೂರು ದಿನ ಕೂತು ಕಟ್ಟಿದ. ಚಿನ್ನಪ್ಪನದರಲ್ಲಿ ಬರಿಯ ಒಬ್ಬ ಸೂರ್ಯ. ಇವನದರಲ್ಲಿ ಅಶ್ವಿನಿಯಿಂದ ರೇವತಿಯವರೆಗೆ ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೂ ಒಂದೊಂದು ಹೊಗಳಿಕೆ.

ನಾಲ್ಕನೆಯ ದಿನ ನೆರಳು ಗೂಟ ಮುಟ್ಟಿತು. ಪಾಪಯ್ಯ ಎತ್ತಿನ ಹಿಂದೆ ಬಾನಿಯ ಹಗ್ಗದ ಮೇಲೆ ಕೂತು ದನಿಯೆತ್ತಿದ. ರೋಹಿಣಿ ಬರುವಷ್ಟರಲ್ಲಿ ಬಾನಿ ಬರಿದಾಯಿತು. ಎತ್ತು ಹಿಂದಕ್ಕೆ ಹೊರಳಹೋದರೆ ಬಿಡಲಿಲ್ಲ. ಪದ ನಡುವೆ ಕಡಿಯುವುದುಂಟೆ?

"ನೀರೆಲ್ಲಿ? ಕಾಲುವೇನೆ ಕುಡ್ಕಂಡ್ಬುಡ್ತಲ್ಲ!" ಎಂದು ಪಾರ್ವತಮ್ಮ ಮಡಿಯಿಂದ ಕೂಗಿದಳು.

"ಇರಮ್ಮಿ, ಇನ್ನೂ ಮಖೆಗೆ ಬಂದಿವ್ನಿ."

ಹೊಂಗೆಯ ಕೆಳಗೆ ಬೀಡಿ ಸೇದುತ್ತಿದ್ದ ಚಿನ್ನಪ್ಪ, "ವರ್ಷದ ಮಳೆಯೆಲ್ಲ ಕರ್ದುಬುಟ್ಟೆ, ಇನ್ನು ಕಪಿಲೆ ಯಾಕಣ್ಣಯ್ಯ?" ಎಂದ.

ಪಾಪಯ್ಯ ದನಿ ಇನ್ನೂ ಏರಿಸಿದ. ರೇವತಿ ಮುಗಿದರೆ ಮತ್ತೆ ಅಶ್ವಿನಿ. ಹೊತ್ತು ಮಾತ್ರ ಯಾರಿಗೂ ಕಾಯದೆ ಇಳಿಯಿತು. ಇಪ್ಪತ್ತು ಮಡಿಯಲ್ಲಿ ನಾಲ್ಕು ನೆನೆದಿದ್ದವು. ಪಾರ್ವತಮ್ಮ ಮಡಿಗೆ ನೀರು ತಿರುಗಿಸುವ ಸನಿಕೆ ತಂದು ಗಂಡನ ಕಾಲ ಬಳಿ ಇಟ್ಟು, ಎತ್ತು ಬಿಚ್ಚಿಕೊಂಡು ಮನೆಗೆ ಹೋದಳು.

ಮರುದಿನದಿಂದ ಗಂಡನ ಸರದಿಯ ಕಪಿಲೆಯನ್ನು ಪಾರ್ವತಮ್ಮನೇ ಚಿನ್ನಪ್ಪನ ಪದ ಹಾಡಿಕೊಂಡು ಹೊಡೆದಳು. ಪಾಪಯ್ಯ ಮಡಿಗೆ ನೀರು ತಿರುಗಿಸಿದ.