ಬಸುರಿಯ ಗುಳಿಗೆ ಬೆಂಕಿಗೆ ಬಿತ್ತು

ಕೊರಿಯಾದ ನಮ್ಮ ಜೆಜು ದ್ವೀಪದಲ್ಲಿ ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯುವ ಹೆಂಗಸರು ನಾವು, ನೀರಿಗಿಳಿಯುವ ಮುಂಚೆ ತಲೆನೋವಿನ ಪುಡಿ ಬಾಯಿಗೆ ಸುರಿದುಕೊಳ್ಳುತ್ತೇವೆ. ನನ್ನ ಜೊತೆಗಾತಿ ಮಾಲ್‌ಸುನ್ ಬಸುರಿಯಾಗಿದ್ದಾಗಲೂ ಅದನ್ನು ಬಿಟ್ಟವಳಲ್ಲ. ಅಂಥವಳು ಬಸುರಿ ಸೊಸೆ ಸೋರಾಗೆ ಡಾಕ್ಟರು ಕೊಟ್ಟಿದ್ದ ಖಿನ್ನತೆಯ ಗುಳಿಗೆಗಳನ್ನು, ನಾವು ಚಳಿ ಕಾಯಿಸುವ ಬೆಂಕಿಗೆ ಹಾಕಿಬಿಟ್ಟಳು!

"ಹೊಟ್ಟೇಲಿ ಕೂಸಿಟ್ಕೊಂಡು ಹುಚ್ಚಿನ ಗುಳಿಗೆ ನುಂಗ್ತಾಳೆ. ಬಸುರಿ ಅಂದ್ರೆ ಒಳ್ಳೇದನ್ನೇ ಯೋಚಿಸ್ಬೇಕು. ಅಷ್ಟೂ ಆಗಲ್ವಾ ಇವಳಿಗೆ?"

ಸುತ್ತ ಕೂತವರೆಲ್ಲ ಹೌದೆಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು.

ಕೆಲವೇ ವಾರಗಳಲ್ಲಿ ಸೋರಾಗೆ ನಿದ್ದೆ ಬಾರದಾಯಿತು, ಊಟ ಸೇರದಾಯಿತು. ಒಂದು ಮಧ್ಯಾಹ್ನ ಗಂಜಿ ಒಯ್ದೆ. ಬಟ್ಟಲು ಮುಟ್ಟದೆ, "ನಾನಿಲ್ದಿದ್ರೇ ಕೂಸಿಗೆ ಒಳ್ಳೇದೇನೋ, ದೊಡ್ಡಮ್ಮ" ಎಂದಳು. ನಾನು ಆಗಲೇ ಅತ್ತೆ ಸೊಸೆ ಇಬ್ಬರನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

"ಗುಳಿಗೆಯಿಂದ ಕೂಸಿಗೆ ಏನೂ ಆಗಲ್ಲ ಅಂತ ಬರ್ಕೊಡ್ತೀರಾ?" ಮಾಲ್‌ಸುನ್ ಡಾಕ್ಟರಮ್ಮನಿಗೇ ಜೋರು ಮಾಡಿದಳು.

"ಬರ್ಕೊಡಲ್ಲ" ಎಂದರು ಅವರು. "ಕೆಲವು ಕೂಸುಗಳು ಹುಟ್ಟಿದ ಮೇಲೆ ಸ್ವಲ್ಪ ದಿನ ರಚ್ಚೆ ಹಿಡಿತವೆ, ನಡುಗ್ತವೆ. ನಾವು ನೋಡ್ಕೋತೀವಿ. ಎಲ್ಲಾ ಗುಳಿಗೇನೂ ಒಂದೇ ಅಲ್ಲ. ಬಸುರಿಗೆ, ಬಾಣಂತಿಗೆ ಹೊಂದೋದನ್ನ ಆರಿಸ್ತೀವಿ. ಕೆಲವಂತೂ ಎದೆಹಾಲಿಗೆ ಹೋಗೋದು ತೀರಾ ಕಮ್ಮಿ. ಆದ್ರೆ ಕಾಯಿಲೇನೂ ತಕ್ಕಡೀಲಿಡಿ. ತಾಯಿ ಉಣ್ಣದೆ, ಮಲಗದೆ, ಸಾಯೋ ಮಾತಾಡಿದ್ರೆ ಕೂಸಿಗೆ ಕ್ಷೇಮವಾ? ಹೀಗೆ ಥಟ್ಟಂತ ನಿಲ್ಲಿಸಬಾರದಿತ್ತು."

"ಮನಸ್ಸು ಗಟ್ಟಿ ಮಾಡ್ಕೊಂಡ್ರೆ..."

"ನೀನು ತಲೆ ಗಟ್ಟಿ ಮಾಡ್ಕೊಳ್ಳೇ!" ನಾನು ಸಿಡಿದೆ. "ತಲೆನೋವಿಗೆ ಪುಡಿ ಯಾಕೆ ನುಂಗ್ತೀಯಾ? ಬಸುರೀಲಿ ಯಾವ ಡಾಕ್ಟರನ್ನ ಕೇಳಿ ನುಂಗ್ದೆ? ಇವಳು ಕೇಳಿ ನುಂಗಿದ್ದನ್ನ ಸುಟ್ಟೆಯಲ್ಲ!"

ಮಾಲ್‌ಸುನ್ ಸೊಸೆಯ ಸೊರಗಿದ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಇವತ್ತಿಂದಾನೇ ಶುರು ಮಾಡ್ಬಹುದಾ?" ಎಂದಳು.

ಹೆರಿಗೆಯಾದ ಮೇಲೆ ನೋಡಲು ಹೋದೆ. ಕೂಸು ಎದೆ ಕಚ್ಚಿಕೊಂಡಿತ್ತು. ಮಾಲ್‌ಸುನ್ ಬಾಣಂತಿಗೆಂದೇ ಮಾಡುವ ಕಡಲಪಾಚಿಯ ಸಾರು ತಂದಿಟ್ಟಳು, ಪಕ್ಕದಲ್ಲೇ ಗುಳಿಗೆ. "ಸಾರು ಆರೋದ್ರೊಳಗೆ ನುಂಗೇ" ಎಂದು ಗದರಿದಳು. ಸೋರಾ ನಕ್ಕಳು.

ಅತ್ತೆಯರೇ, ಗಂಡಂದಿರೇ, ಬಸುರಿಯ ಕೈಯಿಂದ ಗುಳಿಗೆ ಕಸಿಯಲು ನೀವ್ಯಾರು? ಸೋರಾಗೆ ಹೊಂದಿದ್ದು ಎಲ್ಲರಿಗೂ ಹೊಂದಬೇಕಿಲ್ಲ. ಶುರು ಮಾಡುವುದಿರಲಿ, ಬದಲಿಸುವುದಿರಲಿ, ನಿಲ್ಲಿಸುವುದಿರಲಿ, ಅವಳ ಜೊತೆ ಡಾಕ್ಟರ ಮುಂದೆ ಕೂತು ಮಾತಾಡಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೂಸು ಹೇಗಿದೆ ಎಂದು ದಿನಾ ಕೇಳುತ್ತೀರಲ್ಲ, ಅದನ್ನು ಹೊತ್ತವಳು ಹೇಗಿದ್ದಾಳೆಂದು ಇವತ್ತೇ ಕೇಳಿ.