ಕಾಶಪ್ಪನಿಗೆ ಬಂದ ಕಡಲ ಕಾರ್ಡು

ತುಪ್ಪ, ಬೆಲ್ಲ, ಹುರಿದ ಅಂಟಿನ ವಾಸನೆ, ಹಾಗಾದರೆ ಕರದಂಟಿನ ಊರು ಅಮೀನಗಡ ಬಂತು, ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಹೇಳುವುದಾದರೆ ಇಲ್ಲೇ ಹೇಳಬೇಕು, ಖರೆ ಹೇಳಬೇಕು — ಊರಿನವರ ದನಿಯನ್ನೆಲ್ಲ ನಕಲು ಮಾಡುವ ಹುಚ್ಚೇಶನ ಬಿ.ಎ. ಪಾಸಾದ ಬಾಯಿಗೆ ತನ್ನ ದನಿಯೊಂದೇ ಸಿಗುತ್ತಿಲ್ಲ, ಮುಂದಿನ ಸೀಟಿನಲ್ಲಿ ಕಾಶಪ್ಪ, ತೊಡೆಯ ಮೇಲೆ ಗಂಟು, ಕೈಯಲ್ಲಿ ಆ ಕಾರ್ಡು, ಬಂಡೆಯ ಮೇಲೆ ಕೆಂಪು ಬಿಳಿ ಪಟ್ಟಿಯ ಹಳೆಯ ದೀಪಸ್ತಂಭ, ಬಣ್ಣದಲ್ಲಿ ಬರೆದದ್ದು, ಬುಡದಲ್ಲಿ ಒಂದು ನರಪಿಳ್ಳೆಯಿಲ್ಲ, ಇಳಕಲ್ಲಿನಿಂದ ಮುದುಕ ಅದನ್ನೇ ನೋಡುತ್ತಿದ್ದಾನೆ. ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ಎರಡು ಕೈಮಗ್ಗ, ಕಾಶಪ್ಪನದೊಂದು ದೇವಪ್ಪನದೊಂದು, ಲಟಪಟ ಲಟಪಟ, ಆಮೇಲೆ ಪವರ್‌ಲೂಮು ಬಂತು, ದೇವಪ್ಪ ಮಂಗಳೂರು ಕಡೆ ದುಡಿಯಲು ಹೋದ, ಮೂರು ವರ್ಷ ಸುದ್ದಿಯಿಲ್ಲ, ಎಸ್‌ಟಿಡಿ ಬೂತಿನ ಲಾಡಬಿಯನ್ನು ದಿನಾ ಕೇಳುತ್ತಾನೆ ಕಾಶಪ್ಪ, ನನಗ ಫೋನ್ ಬಂದಿತ್ತೇನವಾ, ಇಲ್ಲರಿ ಕಾಕಾ. ಅಂಥದ್ದೊಂದು ಸಂಜೆ ತಾನು, ಹುಚ್ಚೇಶ, ಬಾಗಿಲ ಮರೆಯಿಂದ ದೇವಪ್ಪನ ದನಿಯಲ್ಲಿ, ಲೇ ಕಾಶ್ಯಾ, ಚಾ ಹಾಕಿಸಲೇ, ಅಂದದ್ದು, ಮುದುಕ ಲಾಳಿ ಬಿಸಾಕಿ ಓಡಿ ಬಂದದ್ದು, ಅಲ್ಲಿಂದ ದಿನಾ ಅದೇ, ಹುಚ್ಚ್ಯಾ, ಇನ್ನೊಮ್ಮಿ ಅವನಂಗ ಮಾತಾಡೋ — ದನಿ ಸಾಲದಾಯಿತು, ಅದಕ್ಕೇ ಕಾರ್ಡು, ಬಾದಾಮಿಯ ಗುಹೆಗಳ ಮುಂದೆ ಮಾರುವವನ ಕಟ್ಟಿನಲ್ಲಿ ಹೇಗೋ ಸೇರಿಕೊಂಡಿದ್ದ ಕಡಲ ಚಿತ್ರ, ಪ್ರವಾಸ ಹೊರಟಿದ್ದ ಗೆಳೆಯ ವೀರೇಶನ ಕೈಯಲ್ಲಿ ಮಂಗಳೂರಿನಿಂದಲೇ ಅಂಚೆಗೆ ಹಾಕಿಸಿದ್ದು, ದೇವಪ್ಪನ ಹೆಸರಿನಲ್ಲಿ ತಾನೇ ಬರೆದದ್ದು, ಈ ಕಂಬದ ಬಾಜೂಕ ಅದೀನಿ, ಮೇಣಬತ್ತಿ ನಿಲ್ಲಿಸಿದಂಗ ಐತಿ ನೋಡು, ಒಮ್ಮಿ ಬಾರಲೇ. ಬಾರಲೇ ಅಂತ ಬರೆದದ್ದು ಮಾತಿನ ಓಘಕ್ಕೆ, ಮುದುಕ ಸೀರೆ ಅರ್ಧಕ್ಕೇ ಬಿಟ್ಟು ಗಂಟು ಕಟ್ಟುತ್ತಾನೆಂದು ಯಾರು ಕಂಡಿದ್ದರು, ಅದಕ್ಕೇ ತಾನೂ ಹಿಂದೆಯೇ ಓಡಿ ಇದೇ ಬಸ್ಸು ಹತ್ತಿದ್ದು, ಭಾಷೆ ಬಾರದ ದಂಡೆಯಲ್ಲಿ ಇಲ್ಲದವನನ್ನು ಹುಡುಕುತ್ತ ಅಲೆದಾನು, ಹೇಳಲೇ ಹುಚ್ಚೇಶ, ಹೇಳು — ಕಾಕಾ, ಅದು ದೇವಪ್ಪ ಬರದದ್ದಲ್ಲ, ನಾ ಬರದದ್ದು. ಕಾಶಪ್ಪ ತಿರುಗಲಿಲ್ಲ. ಗೊತ್ತೈತಿ ಬಿಡೋ, ಬಂದ ದಿನಾನ ಗೊತ್ತಾತು, ದೇವ್ಯಾ ಇದಕ್ಕ ಮೇಣಬತ್ತಿ ಅಂತಾನೇನಲೇ, ಸೆರಗು ನೇದ ಕೈ ಅದು, ಮೊದಲಿಗೆ ಪಟ್ಟಿ ಎಣಿಸ್ತಿದ್ದ, ಮೂರು ಕೆಂಪು, ನಡುವ ಎರಡು ಬಿಳಿ, ನಮ್ಮ ಇಳಕಲ್ ಸೀರಿ ಸೆರಗ ಎದ್ದು ನಿಂತಂಗ ಐತಿ ಅಂತ ಬರೀತಿದ್ದ. ಮತ್ತ ಎಲ್ಲಿಗೆ ಹೊಂಟೀ ಕಾಕಾ? ಎಲ್ಲಿಗಿಲ್ಲ, ಅಮೀನಗಡದ ಮಟಾ ಟಿಕೀಟ, ಬೆನ್ನು ಹತ್ತಿ ಒಬ್ಬರರ ಬರ್ತಾರೇನು ಅಂತ ನೋಡಾಕ — ಎಂದು ನಕ್ಕ, ಕಂಡಕ್ಟರ್ ನಕ್ಕ, ಹಿಂದಿನ ಹೆಂಗಸರು ನಕ್ಕರು, ಹುಚ್ಚೇಶನಿಗೂ ನಗು ಬಂತು, ನಿಂತಿತು, ಎಲ್ಲರದೂ ನಿಂತಿತು, ಕಾಶಪ್ಪನದು ಮಾತ್ರ ಇನ್ನೂ ಜೋರಾಯಿತು, ಕಣ್ಣು ಸುರಿಯುತ್ತಿದೆ, ನಗು ತಡೆಯುತ್ತಿಲ್ಲ, ಹೆಬ್ಬೆರಳು ಚಿತ್ರದ ಮೇಲೆ ಮೆಲ್ಲಗೆ ಏರುತ್ತಿದೆ, ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು